ಬಡಾವಣೆಗೆ ಮುನ್ನ ನೆಲದ ಪರೀಕ್ಷೆ

ಮಹಾಲಕ್ಷ್ಮಿ ಬಡಾವಣೆಗೆ ಸಮೀಪದ ಯಶವಂತಪುರದಲ್ಲಿ 1891ರಲ್ಲಿ ರೈಲು ಮಾರ್ಗಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅವುಗಳಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಮುದ್ರೆಯುಳ್ಳವು ಇದ್ದವು. 1965ರಲ್ಲಿ ನಗರದ ಪೂರ್ವ ಭಾಗದ ಎಚ್.ಎ.ಎಲ್. ಪ್ರದೇಶದಲ್ಲಿಯೂ ಇಂತಹ 256 ನಾಣ್ಯಗಳು ಸಿಕ್ಕವು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಕೋಟೆಯಿಂದಲೇ ಬೆಂಗಳೂರಿನ ಚರಿತ್ರೆ ಆರಂಭವಾಯಿತೆಂದು ಭಾವಿಸುವವರಿಗೆ ಇದು ಆಶ್ಚರ್ಯವೆನಿಸಬಹುದು. ವರ್ತಕನಾದ ನನಗಂತೂ ಇದರಲ್ಲಿ ವಿಶೇಷ ಕುತೂಹಲ. ನಾಣ್ಯವು ತಾನಾಗಿ ನಡೆದು ಬರುವುದಿಲ್ಲ. ಸರಕು, ದಾರಿ, ಪರಸ್ಪರ ನಂಬಿಕೆ ಇರುವೆಡೆಗೆ ಅದು ಬರುತ್ತದೆ. ನಾಣ್ಯಗಳ ಲೆಕ್ಕ ನಮಗುಂಟು. ಅವನ್ನು ಹೂತಿಟ್ಟವರ ಮನೆ, ಒಲೆ, ಸಂತೆಗಳ ಗುರುತನ್ನು ತೋರಿಸಬಲ್ಲದ್ದು ಮಾತ್ರ ಸುತ್ತಣ ಮಣ್ಣು.

1949ರಲ್ಲಿ ರಾಜಾಜಿನಗರದ ನಿರ್ಮಾಣಕ್ಕೆ ತೊಡಗಿದ ಮೇಲೆ ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಕುರುಬರಹಳ್ಳಿಗಳ ಹೊಲಗದ್ದೆಗಳು ಕ್ರಮೇಣ ನಿವೇಶನಗಳಾದವು. ಜನರಿಗೆ ಮನೆ ಬೇಕು, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ನಿವೇಶನ ಕೊಳ್ಳುವಾಗ ಕ್ರಯಪತ್ರ, ಋಣಭಾರ ಪತ್ರಗಳನ್ನೆಲ್ಲ ತಿರುವಿಹಾಕುವ ನಾವು ಆ ನೆಲದ ಒಡಲಲ್ಲಿ ಏನಿದೆಯೆಂದು ಮಾತ್ರ ವಿಚಾರಿಸುವುದಿಲ್ಲ.

ಇಂಗ್ಲೆಂಡಿನಲ್ಲಿ 1990ರ ಸರ್ಕಾರಿ ಮಾರ್ಗಸೂಚಿಯಿಂದ ಈ ವಿಚಾರಣೆ ಕಟ್ಟಡದ ಅನುಮತಿಯೊಡನೆ ಸೇರಿತು. ಮೊದಲು ಹಳೆಯ ನಕ್ಷೆ, ದಾಖಲೆಗಳನ್ನು ಪರಿಶೀಲಿಸುತ್ತಾರೆ. ಬಳಿಕ ಉತ್ತ ಹೊಲದಲ್ಲಿ ನಡೆದು ಮಡಕೆ ಚೂರು, ಕಲ್ಲಿನ ಉಪಕರಣಗಳನ್ನು ಗುರುತಿಸುತ್ತಾರೆ. ಅನುಮಾನವಿದ್ದಲ್ಲಿ ಒಂದು ಅಲ್ಪ ಭಾಗದಲ್ಲಿ ಮಾತ್ರ ಕಿರಿದಾದ ಪರೀಕ್ಷಾ ಕಂದಕಗಳನ್ನು ತೋಡುತ್ತಾರೆ. ಖರ್ಚು ಸಾಮಾನ್ಯವಾಗಿ ನಿರ್ಮಾಪಕನದು. ನಮ್ಮಲ್ಲಿ ಘೋಷಿತ ಸ್ಮಾರಕಗಳಿಗೆ ರಕ್ಷಣೆಯುಂಟು. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ ನೂರು ಮೀಟರಿನವರೆಗೆ ಹೊಸ ಕಟ್ಟಡ ನಿಷಿದ್ಧ. ಘೋಷಣೆಯಾಗದ ಹೊಲದ ಕಲ್ಲಿಗೆ ಆ ಭಾಗ್ಯವಿಲ್ಲ.

ಆ ಕಲ್ಲುಗಳೋ ಸಾಮಾನ್ಯವಾದವುಗಳಲ್ಲ. ಬೇಗೂರಿನ ವೀರಗಲ್ಲೊಂದು ಸುಮಾರು 890ರಷ್ಟು ಹಿಂದೆಯೇ ‘ಬೆಂಗಳೂರು’ ಎಂಬ ಹೆಸರನ್ನು ಉಳಿಸಿಕೊಟ್ಟಿದೆ. ಅದೇ ಊರಿನ ಇನ್ನೊಂದು ಶಾಸನ ನಾಗತ್ತರನ ಮಗಳು ತೊಂಡಬ್ಬೆಯು ಸಲ್ಲೇಖನದಿಂದ ದೇಹತ್ಯಾಗ ಮಾಡಿದುದನ್ನು ತಿಳಿಸುತ್ತದೆ. ಕಲ್ಲು ಇಲ್ಲದಿದ್ದರೆ ಆ ಸಾಧ್ವಿಯ ಹೆಸರು ನಮಗೆಲ್ಲಿ ದೊರೆಯುತ್ತಿತ್ತು? ಬಿ.ಎಲ್. ರೈಸರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚುಮಾಡಿಸಿದರು. ಅವುಗಳಲ್ಲಿ ಅನೇಕವು ಈಗ ಪುಸ್ತಕದಲ್ಲಿವೆಯೇ ಹೊರತು ಸ್ಥಳದಲ್ಲಿಲ್ಲ. ಇತ್ತ ಸುಮಾರು 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದು, ನಾಗರಿಕರ ಪ್ರಯತ್ನದಿಂದ ಮಂಟಪವನ್ನೂ ಪಡೆಯಿತು.

ನಿವೇಶನದ ವ್ಯವಹಾರ ಮಾಡುವ ನನ್ನ ಮಿತ್ರರು, “ಕಲ್ಲು ಕಂಡಿತೆಂದರೆ ಕೆಲಸ ನಿಂತಿತು, ಬಡ್ಡಿ ಬೆಳೆಯಿತು” ಎನ್ನುತ್ತಾರೆ. ಈ ಭಯವೇ ಎಷ್ಟೋ ಕಲ್ಲುಗಳನ್ನು ಅಡಿಪಾಯಕ್ಕೆ ಸೇರಿಸಿರಬೇಕು. ಅದಕ್ಕಾಗಿಯೇ ಪರೀಕ್ಷೆಯು ನಕ್ಷೆ ಬರೆಯುವುದಕ್ಕೆ ಮೊದಲು ಆಗಬೇಕು. ಬಡಾವಣೆಯೆಂದ ಮೇಲೆ ಉದ್ಯಾನಕ್ಕೆ ಜಾಗ ಬಿಡಲೇಬೇಕಷ್ಟೆ. ಹಳೆಯ ದಿಬ್ಬ ಇಲ್ಲವೆ ನಿಷಿಧಿ ಇರುವ ಸ್ಥಳವೇ ಆ ಉದ್ಯಾನವಾದರೆ ಮಾರುವ ನಿವೇಶನಗಳ ಸಂಖ್ಯೆ ಕಡಮೆಯಾಗಬೇಕಾಗಿಲ್ಲ.

ಮಹಾಲಕ್ಷ್ಮಿ ಬಡಾವಣೆಯಲ್ಲಿ ಇನ್ನು ಪರೀಕ್ಷಿಸಲು ಬಯಲು ಉಳಿದಿಲ್ಲ. ಆದರೆ ನಗರವು ಈಗ ನೆಲಮಂಗಲದ ಕಡೆಗೆ ಹಬ್ಬುತ್ತಿದೆ. ಗಂಗರ ಮಾನ್ಯಪುರವಾಗಿದ್ದ ಮಣ್ಣೆ ಆ ತಾಲ್ಲೂಕಿನದೇ. ಅಲ್ಲಿ ಶ್ರೀವಿಜಯನೆಂಬ ದಂಡನಾಯಕನು ಜಿನಾಲಯವನ್ನು ಕಟ್ಟಿಸಿದನೆಂದು 797ರ ತಾಮ್ರಶಾಸನ ಹೇಳುತ್ತದೆ. ಆ ಸೀಮೆಯ ಹೊಲಗಳು ಇನ್ನೂ ಪೂರ್ತಿಯಾಗಿ ನಿವೇಶನಗಳಾಗಿಲ್ಲ.