ಕರಾವಳಿಯ ನಿಘಂಟುಕಾರರು ಮತ್ತು ನಮ್ಮ ಪದಗಳ ಮೂಲ

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟೊಂದು ಅಚ್ಚಾಯಿತು. ಅದನ್ನು ರಚಿಸಿದವರು ಯೇಸು ಸಭೆಯ ಧರ್ಮಗುರು ವಂ. ಮಾಫೆಯ್. ಯೇಸು ಸಭೆಯವರು ಮಂಗಳೂರಿಗೆ ಬಂದದ್ದು 1878ರ ಡಿಸೆಂಬರ್ 31ರಂದು. ಐದು ವರ್ಷಗಳೊಳಗೆ ಮಾಫೆಯ್‌ಯವರ ಕೊಂಕಣಿ ವ್ಯಾಕರಣವೂ (1882) ನಿಘಂಟೂ ಸಿದ್ಧವಾಗಿದ್ದವು. ಪುಸ್ತಕ ಕಥೋಲಿಕ ಗುರುಗಳದ್ದು, ಅಚ್ಚುಕೂಟ ಪ್ರೊಟೆಸ್ಟೆಂಟರದ್ದು! ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ.

ಕೊಂಕಣಿಯ ಅಧ್ಯಯನ ಇದಕ್ಕಿಂತ ಬಹಳ ಹಿಂದೆಯೇ ಗೋವೆಯಲ್ಲಿ ಆರಂಭವಾಗಿತ್ತು. 1579ರಲ್ಲಿ ಅಲ್ಲಿಗೆ ಬಂದ ಇಂಗ್ಲಿಷ್ ಯೇಸುಸಭಾ ಗುರು ತೋಮಸ್ ಸ್ಟೀಫನ್ಸ್ ಬರೆದ ವ್ಯಾಕರಣ, ಅವರು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲಿನಲ್ಲಿ ಮುದ್ರಣಗೊಂಡಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು 'ಕನಾರಿಂ' ಎಂದು ಕರೆಯಲಾಗಿದೆ. ಇದರಿಂದ ಕೊಂಕಣಿ–ಕನ್ನಡಗಳ ಬಗ್ಗೆ ಮುಂದೆ ಗೊಂದಲವಾದದ್ದೂ ಉಂಟು.

ಬಾಸೆಲ್ ಮಿಷನ್‌ನವರೇ ಆದ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಮಂಗಳೂರಿನಿಂದಲೇ ಬಂತು. 1894ರಲ್ಲಿ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಸುಮಾರು 70,000 ಪದಗಳ ಈ ಗ್ರಂಥವನ್ನು ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ. ಕಿಟೆಲ್ ಹಳೆಯ ಕಾವ್ಯಗಳ ಜೊತೆಗೆ ಜನರ ಗಾದೆಗಳನ್ನೂ ಆಧಾರವಾಗಿ ಕೊಟ್ಟರು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ಸಂಬಂಧಿ ಪದಗಳನ್ನೂ ಸೂಚಿಸಿದರು. ಪದದ ಅರ್ಥದೊಂದಿಗೆ ಅದರ ನಂಟಸ್ತಿಕೆಯೂ ತಿಳಿಯಬೇಕೆಂಬುದು ಇದರ ಉದ್ದೇಶ.

ಆ ನಂಟಸ್ತಿಕೆಯನ್ನು ಹುಡುಕಲು ನಾವು ದಿನವೂ ಆಡುವ ಮಾತೇ ಸಾಕು. 'ಇಗರ್ಜಿ' ಪೋರ್ಚುಗೀಸರ ಇಗ್ರೆಜಾ. ಅದರ ಹಿಂದೆ ಲ್ಯಾಟಿನ್‌ನ ಎಕ್ಲೇಸಿಯಾ, ಇನ್ನೂ ಹಿಂದೆ ಗ್ರೀಕ್. ಗ್ರೀಕ್‌ನಲ್ಲಿ ಅದರ ಅರ್ಥ ಕಟ್ಟಡವಲ್ಲ, ಕರೆದಾಗ ಬಂದು ಸೇರಿದ ಜನರ ಸಭೆ. ಕೊಂಕಣಿಯ 'ಖುರಿಸ್' ಬಂದದ್ದು ಪೋರ್ಚುಗೀಸ್‌ನ ಕ್ರೂಸ್‌ನಿಂದ. ಆದರೆ ಕನ್ನಡದ 'ಶಿಲುಬೆ'ಗೂ ಪೋರ್ಚುಗೀಸರಿಗೂ ಸಂಬಂಧವಿಲ್ಲ. ಅದು ಕೇರಳದ ಸಂತ ತೋಮರ ಕ್ರೈಸ್ತರ ಪೂಜಾಭಾಷೆಯಾಗಿದ್ದ ಸಿರಿಯಕ್‌ನ 'ಸ್ಲೀಬಾ'. ತಮಿಳಿನಲ್ಲಿ ಅದೇ 'ಸಿಲುವೈ' ಆಗಿದೆ. ಒಂದೇ ಮನೆಯಲ್ಲಿ ಅಜ್ಜಿ ಖುರಿಸ್ ಎಂದು, ಮೊಮ್ಮಗ ಶಿಲುಬೆ ಎಂದು ಹೇಳಿದರೆ ಎರಡು ಬೇರೆ ಬೇರೆ ದಾರಿಗಳಿಂದ ಬಂದ ಪದಗಳು ಅಲ್ಲಿ ಭೇಟಿಯಾಗುತ್ತವೆ. ಇನ್ನು 'ದೀಕ್ಷಾಸ್ನಾನ'ದಂತಹವು ಹೊರಗಿನಿಂದ ಬಂದವಲ್ಲ, ಸಂಸ್ಕೃತ ಪದಗಳನ್ನು ಜೋಡಿಸಿ ಮಾಡಿಕೊಂಡವು.

ಕಿವಿಗೆ ಕೇಳಿದಂತೆ ಮೂಲ ಹೇಳುವುದು ಮಾತ್ರ ಅಪಾಯ. ಮದುವೆಯ ಮುನ್ನಾದಿನದ 'ರೋಸ್' ವಿದೇಶಿ ಪದವೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಸಂಸ್ಕೃತದ 'ರಸ', ಇಲ್ಲಿ ತೆಂಗಿನಕಾಯಿಯ ಹಾಲು. ಹಳೆಯ ಬರಹಗಳಲ್ಲಿ ಪದ ಯಾವಾಗ ಕಾಣಿಸಿತು, ನೆರೆಯ ಭಾಷೆಗಳಲ್ಲಿ ಅದರ ರೂಪವೇನು ಎಂದು ನೋಡಿದ ನಂತರವೇ ನಿಘಂಟುಕಾರರು ತೀರ್ಮಾನಕ್ಕೆ ಬರುತ್ತಾರೆ.

ಇಂತಹ ಕೆಲಸ ಒಬ್ಬರಿಂದ ಮುಗಿಯುವಂಥದ್ದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳು ಪೂರ್ಣವಾದದ್ದು 1995ರಲ್ಲಿ. ಉಡುಪಿಯಲ್ಲಿ ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ 6 ಸಂಪುಟಗಳು 1988ರಿಂದ 1997ರವರೆಗೆ ಬಂದವು. ಪಾಡ್ದನಗಳ ಮಾತು, ಬೇರೆ ಬೇರೆ ಊರು ಮತ್ತು ಸಮುದಾಯಗಳ ಆಡುನುಡಿ ಅದರಲ್ಲಿ ಸೇರಿವೆ. ಮಾಫೆಯ್ ಅವರ ಪುಟಗಳಿಗೆ ಸೇರದೆ ಉಳಿದ ಕೊಂಕಣಿ ಮಾತುಗಳು ನಮ್ಮ ವಾಳೆಗಳ ಹಿರಿಯರ ಬಾಯಲ್ಲಿ ಇನ್ನೂ ಸಿಗುತ್ತವೆ. ಬರೆದುಕೊಳ್ಳುವವರು ಪದದೊಂದಿಗೆ ಊರಿನ ಹೆಸರನ್ನೂ, ಅದನ್ನು ಬಳಸಿದ ಒಂದು ಪೂರ್ಣ ವಾಕ್ಯವನ್ನೂ ಬರೆದಿಟ್ಟರೆ ಮುಂದಿನ ನಿಘಂಟುಕಾರರಿಗೆ ಅದು ಉಪಯೋಗಕ್ಕೆ ಬರುತ್ತದೆ.