ನೆಲ ನಿಜವಾಗಲೂ ಡೊಂಕಾಗಿತ್ತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಫೀಸಿನ ಪೂಲ್ ಟೇಬಲ್ ಮುಂದೆ ಸೋತಾಗಲೆಲ್ಲ ನಾನು ಹೇಳ್ತಿದ್ದದ್ದೂ ಅದನ್ನೇ. ಟೇಬಲ್ ಎಡಕ್ಕೆ ವಾಲಿದೆ, ಕುಷನ್ ಸತ್ತಿದೆ, ಕ್ಯೂ ಸೊಟ್ಟಗಿದೆ. ಕೊನೆಗೊಂದು ದಿನ ತಡೆಯಲಾರದೆ ಸ್ವಂತ ಕ್ಯೂ ಕೊಂಡೆ. ಎರಡು ತುಂಡಿನದು, ಹಿಡಿಯ ಹತ್ತಿರ ಚಿತ್ತಾರ ಬೇರೆ. ಊರಲ್ಲಿ ಅಪ್ಪನಿಗೆ ಅದರ ಬೆಲೆ ಹೇಳೋ ಧೈರ್ಯ ಇವತ್ತಿಗೂ ಬಂದಿಲ್ಲ.

ಅದನ್ನು ಹಿಡ್ಕೊಂಡು ಒಂದು ಪಾರ್ಲರಿಗೆ ಹೋದೆ. ಅಲ್ಲೊಬ್ಬರು ಹಿರಿಯ ಮಾರ್ಕರ್ ಇದ್ದರು. ಚೆಂಡು ಜೋಡಿಸೋದು, ಸ್ಕೋರ್ ಇಡೋದು, ಟೇಬಲ್ ನೋಡಿಕೊಳ್ಳೋದು ಎಲ್ಲ ಅವರೇ. ಚಿತ್ತಾರದ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಕೋವಿ ಗುರಿಯಿಡುವ ಹಾಗೆ ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ನೋಡುತ್ತಾ ನಿಧಾನಕ್ಕೆ ತಿರುಗಿಸಿದರು. ಬುಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಜೋಡಣೆಯಲ್ಲಿ ಸದ್ದು ಬರುತ್ತಾ ಅಂತ ಕಿವಿಗೊಟ್ಟರು. ಆಮೇಲೆ ತುದಿಯ ಚರ್ಮವನ್ನು ಉಗುರಿನಿಂದ ಒತ್ತಿ, 'ಕೋಲು ಪರವಾಗಿಲ್ಲ ಸಾರ್, ಟಿಪ್ ಬದಲಾಯಿಸಿ' ಅಂದರು.

ಇಡೀ ಕ್ಯೂನಲ್ಲಿ ಅತಿ ಅಗ್ಗದ ಭಾಗ ಅದು. ಆದರೆ ಚೆಂಡನ್ನು ಮುಟ್ಟೋದು ಅದೊಂದೇ, ಅದೂ ಸುಮಾರು ಒಂದು ಮಿಲಿಸೆಕೆಂಡ್ ಮಾತ್ರ. ಆ ಚರ್ಮದ ಚೂರು ಅಲ್ಲಿಗೆ ಹೇಗೆ ಬಂತು ಅಂತ ಹುಡುಕುತ್ತಾ ಹೋದವನಿಗೆ ಗೊತ್ತಾಗಿದ್ದು ಏನಂದರೆ, ಒಂದು ಕಾಲದಲ್ಲಿ ನೆಲ ನಿಜವಾಗಲೂ ಡೊಂಕಾಗಿತ್ತು.

ಬಿಲಿಯರ್ಡ್ಸ್ ಶುರುವಾದಾಗ ಕ್ಯೂ ಇರಲೇ ಇಲ್ಲ. ದಪ್ಪ ತಲೆಯ 'ಮೇಸ್' ಅನ್ನೋ ಕೋಲಿನಿಂದ ಚೆಂಡನ್ನು ತಳ್ಳುತ್ತಿದ್ದರು. ಚೆಂಡು ಅಂಚಿಗೆ ಅಂಟಿಕೊಂಡರೆ ಆ ದಪ್ಪ ತಲೆ ಹೋಗುತ್ತಿರಲಿಲ್ಲ. ಆಗ ಕೋಲನ್ನು ತಿರುಗಿಸಿ ಹಿಡಿಯ ತುದಿಯಿಂದ ಹೊಡೆಯೋರು. ಫ್ರೆಂಚಿನಲ್ಲಿ 'ಕ್ಯೂ' ಅಂದರೆ ಬಾಲ. ಬಾಲವೇ ಮುಂದೆ ಆಟದ ತಲೆಯಾಯಿತು. ಆದರೂ ಬರೀ ಮರದ ತುದಿ ಜಾರುತ್ತಿತ್ತು. ಚೆಂಡಿನ ನಡುಭಾಗ ಬಿಟ್ಟು ಪಕ್ಕಕ್ಕೆ ಹೊಡೆದರೆ ಕೆಲಸ ಕೆಟ್ಟ ಹಾಗೇ. ಫ್ರಾನ್ಸಿನ ಸೈನ್ಯಾಧಿಕಾರಿ ಫ್ರಾಂಸ್ವಾ ಮಿಂಗೊ ಜೈಲಿನಲ್ಲಿದ್ದಾಗ ಚರ್ಮದ ತುದಿಯನ್ನು ಹದಕ್ಕೆ ತಂದನಂತೆ. ಅವನು ಹೊರಬಂದದ್ದು 1807ರ ಹೊತ್ತಿಗೆ. ಹೊಡೆದ ಚೆಂಡು ಮುಂದೆ ಹೋಗಿ, ನಿಂತು, ವಾಪಸ್ ಬರೋದನ್ನು ನೋಡಿ ಜನ ದಂಗಾದರು.

ಆಮೇಲೆ ಟೇಬಲ್ ಸರದಿ. ಮರದ ಹಲಗೆ ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗೋದು ನಮ್ಮೂರ ಕ್ಯಾರಂ ಬೋರ್ಡ್ ಕಂಡವರಿಗೆಲ್ಲ ಗೊತ್ತು. ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಮರದ ಜಾಗಕ್ಕೆ ಸ್ಲೇಟು ಕಲ್ಲು ತಂದ. ಹೌದು, ಒಂದನೇ ಕ್ಲಾಸಿನಲ್ಲಿ ನಾವು ಬರೆದದ್ದು ಯಾವುದರ ಮೇಲೋ ಅದೇ. 1835ರ ಸುಮಾರಿಗೆ ಅವನೇ ರಬ್ಬರ್ ಕುಷನ್ನೂ ತಂದ. ಆದರೆ ಚಳಿಗೆ ಅದು ಕಲ್ಲಾಗುತ್ತಿತ್ತು. ಆಟಕ್ಕೆ ಮುಂಚೆ ಬಿಸಿನೀರು ತುಂಬಿದ ಲೋಹದ ಪಾತ್ರೆ ಇಟ್ಟು ಕಾಯಿಸಬೇಕಿತ್ತು! ಗಂಧಕ ಸೇರಿಸಿ ಹದಮಾಡಿದ ರಬ್ಬರ್ 1840ರ ದಶಕದಲ್ಲಿ ಬಂದ ಮೇಲೆ ಆ ಕಷ್ಟ ತಪ್ಪಿತು.

ಇನ್ನು ಚೆಂಡು. ಅದಕ್ಕೆ ಆನೆಗಳು ಸಾಯಬೇಕಿತ್ತು. ಒಂದು ದಂತಕ್ಕೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಒಳ್ಳೆಯ ಚೆಂಡುಗಳು. ಅವೂ ಹವೆಗೆ ತಕ್ಕಂತೆ ಆಕಾರ ಕೆಡುತ್ತಿದ್ದವು. 1860ರ ದಶಕದಲ್ಲಿ ನ್ಯೂಯಾರ್ಕಿನ ತಯಾರಕರು ದಂತಕ್ಕೆ ಬದಲಿ ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಘೋಷಿಸಿದರು. ಜಾನ್ ವೆಸ್ಲಿ ಹಯಾಟ್ ಅನ್ನೋ ಮುದ್ರಕ ಅದರ ಬೆನ್ನು ಹತ್ತಿ ಸೆಲ್ಯುಲಾಯ್ಡ್ ಮಾಡಿದ. ನಮ್ಮ ಪ್ಲಾಸ್ಟಿಕ್ ಯುಗದ ಒಂದು ಬೇರು ಇರೋದು ಪೂಲ್ ಟೇಬಲ್ಲಿನ ಮೇಲೆ. ಚಾಕ್ ಕೂಡ 1897ರಲ್ಲಿ ಬದಲಾಯಿತು. ನಾವು ಉಜ್ಜುವ ನೀಲಿ ತುಂಡಿನಲ್ಲಿ ಸೀಮೆಸುಣ್ಣ ಇಲ್ಲವೇ ಇಲ್ಲ, ಇರೋದು ಸಿಲಿಕಾದಂಥ ಗಟ್ಟಿ ಪುಡಿ.

ಈ ಕಥೆಯಲ್ಲಿ ನಮ್ಮ ಕಡೆಯ ಜಾಗವೂ ಇದೆ. 1875ರಲ್ಲಿ ಜಬಲ್‌ಪುರದ ಬ್ರಿಟಿಷ್ ಅಧಿಕಾರಿಗಳ ನಡುವೆ ಸ್ನೂಕರ್ ಹುಟ್ಟಿತು. ನೆವಿಲ್ ಚೇಂಬರ್ಲಿನ್ ಅದರ ಜನಕ. ನಿಯಮಗಳು ಗಟ್ಟಿಯಾದದ್ದು ಊಟಿ ಕ್ಲಬ್ಬಿನಲ್ಲಿ, ನಾವು ವೀಕೆಂಡ್ ಟ್ರಿಪ್ಪಿಗೆ ಹೋಗೋ ಅದೇ ಊಟಿಯಲ್ಲಿ. ಇಂಥ ಕ್ಲಬ್ಬುಗಳಲ್ಲಿ ದೊರೆಗಳು ಆಡುತ್ತಿದ್ದರು, ಮಾರ್ಕರ್‌ಗಳು ಪಕ್ಕದಲ್ಲಿ ನಿಂತಿರುತ್ತಿದ್ದರು. ಬಟ್ಟೆಗೆ ಬ್ರಷ್ ಹೊಡೆದು ಇಸ್ತ್ರಿ ಹಾಕುವವನಿಗೆ ಟೇಬಲ್ಲಿನ ಗುಣ ಗೊತ್ತಿದ್ದಷ್ಟು ಅದರ ಮಾಲೀಕನಿಗೆ ಗೊತ್ತಿರೋದು ಕಷ್ಟ.

ನಮ್ಮ ಮಾರ್ಕರ್ ಅವತ್ತು ನನಗೆ ಟೇಬಲ್ ನೋಡೋದನ್ನೂ ಕಲಿಸಿದರು. ಚೆಂಡನ್ನು ಜೋರಾಗಿ ಹೊಡೆದರೆ ಏನೂ ತಿಳಿಯಲ್ಲ. ಇನ್ನೇನು ನಿಲ್ಲಬೇಕು ಅನ್ನೋಷ್ಟು ನಿಧಾನಕ್ಕೆ ಉರುಳಿಸಿ, ಕೊನೆಯ ಒಂದು ಗೇಣು ನೋಡಬೇಕು. ವಾಲಿದ್ದರೆ ಅಲ್ಲಿ ತಿರುಗುತ್ತೆ. ಸ್ನೂಕರ್ ಬಟ್ಟೆಗೆ ರೋಮ ಇರುತ್ತೆ, ಆದ್ದರಿಂದ ಎರಡೂ ದಿಕ್ಕಿನಲ್ಲಿ ಉರುಳಿಸಿ ನೋಡಬೇಕು. ಕುಷನ್ನಿಗೆ ಕಿವಿ ಕೊಡಬೇಕು, ಸತ್ತ ಜಾಗದಲ್ಲಿ ಸದ್ದೇ ಬೇರೆ. ಕ್ಯೂವನ್ನು ಟೇಬಲ್ ಮೇಲೆ ಉರುಳಿಸಿ ಪರೀಕ್ಷಿಸೋರು ಬಹಳ ಜನ. ಆದರೆ ಸಾಮಾನ್ಯವಾಗಿ ಸ್ನೂಕರ್ ಕ್ಯೂನ ಬುಡದ ಒಂದು ಬದಿ ಚಪ್ಪಟೆ, ಅದು ನೆಟ್ಟಗೆ ಉರುಳೋದೇ ಇಲ್ಲ. ಕಣ್ಣೇ ಮೇಲು.

ಮಾರನೇ ದಿನ ಆಫೀಸಿನ ಟೇಬಲ್ ಮೇಲೆ ಚೆಂಡನ್ನು ಹಾಗೇ ಉರುಳಿಸಿದೆ. ಆ ತುದಿಯವರೆಗೆ ಹೋಗಿ ಕುಷನ್ನಿಗೆ ಒರಗಿ ನಿಂತಿತು. ನಾಲ್ಕೂ ಕಡೆಯಿಂದ ನೋಡಿದೆ. ಒಂದು ಕೂದಲೆಳೆಯಷ್ಟೂ ವಾಲಲಿಲ್ಲ. ಇನ್ನೂರು ವರ್ಷ ಯಾರ್ಯಾರೋ ಕೂತು ಕಲ್ಲು, ರಬ್ಬರ್, ಚರ್ಮ, ಚೆಂಡು ಎಲ್ಲವನ್ನೂ ಒಂದೊಂದಾಗಿ ಸರಿಮಾಡಿಟ್ಟಿದ್ದಾರೆ. ಸರಿಯಾಗದೆ ಉಳಿದಿರೋದು ನನ್ನ ಮೊಣಕೈ ಮಾತ್ರ. ಟಿಪ್ ಬದಲಾಯಿಸಿದ್ದೀನಿ. ಈಗಲೂ ಸೋಲ್ತೀನಿ, ಆದರೆ ನೆಲದ ಮೇಲೆ ದೂರು ಹೇಳೋದು ಬಿಟ್ಟಿದ್ದೀನಿ.