ಪದ ಪರಿಚಯ: ಮೆಣಸು

ಮೆಣಸು (ನಾಮಪದ)

"ಮೆಣಸು ನಮ್ಮದಲ್ಲ, ಪೋರ್ಚುಗೀಸರು ತಂದದ್ದು" ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅವರು 16ನೇ ಶತಮಾನದಲ್ಲಿ ತಂದದ್ದು ಅಮೆರಿಕ ಮೂಲದ ಮೆಣಸಿನಕಾಯಿ. ಮೆಣಸು ನಮ್ಮ ಪಶ್ಚಿಮಘಟ್ಟದ್ದೇ ಬಳ್ಳಿ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ತೊಗಟೆ ಹಿಡಿದು ಮರವೇರುವ ಕಾಡುಮೆಣಸು ಕೊಡಗಿನಿಂದ ಉತ್ತರ ಕನ್ನಡದವರೆಗಿನ ನೆರಳುಗಾಡುಗಳಲ್ಲಿ ಇಂದಿಗೂ ಇದೆ.

ಪದವೂ ದ್ರಾವಿಡ ಮೂಲದ್ದು. ತಮಿಳಿನ ಮಿಳಗು, ಮಲಯಾಳದ ಮುಳಗು, ತುಳುವಿನ ಮುಂಚಿ ಇದರ ಒಡಹುಟ್ಟುಗಳು. ಹಿಂದಿಯ ಮಿರ್ಚ್ ಸಂಸ್ಕೃತದ ಮರೀಚದಿಂದ ಬಂತು. ಇಂಗ್ಲಿಷಿನ ಪೆಪ್ಪರ್ ಮಾತ್ರ ಇನ್ನೊಂದು ಬಳ್ಳಿಯ ಹೆಸರು: ಹಿಪ್ಪಲಿಯ ಸಂಸ್ಕೃತ ರೂಪ 'ಪಿಪ್ಪಲೀ' ಗ್ರೀಕ್, ಲ್ಯಾಟಿನ್ ಹಾದು ಹಾಗಾಯಿತು.

ಹೊಸ ಕಾಯಿಯ ಖಾರ ಕಂಡ ಜನ ಅದಕ್ಕೂ ಹಳೆಯ ಹೆಸರನ್ನೇ ಹಚ್ಚಿದರು. ಕರಾವಳಿಯಲ್ಲಿ ಬರೀ 'ಮೆಣಸು' ಎಂದರೆ ಈಗ ಮೆಣಸಿನಕಾಯಿಯೇ. ಮೂಲದ ಕಾಳು 'ಒಳ್ಳೆಮೆಣಸು' ಆಗಬೇಕಾಯಿತು, ತುಳುವಿನಲ್ಲಿ 'ಎಡ್ಡೆಮುಂಚಿ'. ಎಡ್ಡೆ ಎಂದರೂ ಒಳ್ಳೆಯದೇ. ಎಷ್ಟು ಅಕ್ಕರೆಯ ಹೆಸರು! ಉಳಿದೆಡೆ ಕಾಳುಮೆಣಸು, ಕರಿಮೆಣಸು. ನೆಗಡಿಯಾದಾಗ ಕುದಿಸುವ ಮೆಣಸಿನ ಸಾರಿನಲ್ಲಿ ಹಳೆಯ ಅರ್ಥ ಹಾಗೇ ಉಳಿದಿದೆ.

16ನೇ ಶತಮಾನಕ್ಕೆ ಹಿಂದಿನ ಕನ್ನಡ ಬರಹದಲ್ಲಿ 'ಮೆಣಸು' ಕಂಡರೆ ಬಳ್ಳಿಯ ಕಾಳೆಂದೇ ಓದಿಕೊಳ್ಳಿ.